ನಾನೊಬ್ಬಳೇ ಹೋಗುವ ದ್ವೀಪ

ಅವನು ಏಣಿಯ ಮೇಲಿದ್ದಾಗ ನಾನು ಆ ಮಾತು ಹೇಳಬಾರದಿತ್ತು.

"ನಾನು ರಜಾ ಹಾಕ್ತಿದ್ದೀನಿ. ಒಂದು ಪುಟ್ಟ ದ್ವೀಪಕ್ಕೆ ಹೋಗ್ತೀನಿ. ಒಬ್ಬಳೇ."

ಗೋಡೆ ಕೊರೆಯುತ್ತಿದ್ದ ಡ್ರಿಲ್ಲಿನ ಸದ್ದು ನಿಂತಿತು. ಅವನು ತುಟಿಯಲ್ಲಿ ಕಚ್ಚಿಕೊಂಡಿದ್ದ ಸ್ಕ್ರೂ ಕೆಳಗೆ ಬಿದ್ದು ಸೋಫಾದ ಅಡಿಗೆ ಉರುಳಿತು. ತಿರುಗಿ ನನ್ನನ್ನು ನೋಡಿದ. ಕನ್ನಡಕದ ತುಂಬ ಗೋಡೆಯ ಬಿಳಿ ಪುಡಿ. ಅದರ ಹಿಂದೆ ಕಣ್ಣು ಏನು ಹೇಳುತ್ತಿದೆ ಎಂದು ಯಾರಪ್ಪನಾಣೆಗೂ ಗೊತ್ತಾಗುವಂತಿರಲಿಲ್ಲ.

"ಒಳ್ಳೇದಾಯ್ತು ಬಿಡಿ," ಅಂದ.

ಅಷ್ಟೇ. ಮತ್ತೆ ಡ್ರಿಲ್ ಶುರುವಾಯಿತು. ನಾನು ಮೊಣಕಾಲೂರಿ, ಸೋಫಾದ ಅಡಿಗೆ ಕೈಹಾಕಿ ಆ ಸ್ಕ್ರೂ ಹುಡುಕಿದೆ. ಮೈಯೆಲ್ಲ ಉರಿಯುತ್ತಿತ್ತು. ಯಾಕೆ ಎಂದು ಮಾತ್ರ ನನಗೇ ಗೊತ್ತಿರಲಿಲ್ಲ.

ನಾವಿಬ್ಬರೂ ಒಂದೇ ಪರದೆ ಅಂಗಡಿಯವರು. ಗಿರಾಕಿಗಳ ಮನೆಗೆ ಹೋಗಿ ಕಿಟಕಿಯ ಅಳತೆ ತೆಗೆಯುವುದು ನನ್ನ ಕೆಲಸ, ರಾಡು ಕೂರಿಸಿ ಪರದೆ ತೂಗುಹಾಕುವುದು ಅವನದು. ಅಂಗಡಿಯವರ ಬಾಯಲ್ಲಿ ನಾನು ಟೇಪಮ್ಮ, ಅವನು ಡ್ರಿಲ್ಲಪ್ಪ. ಅಳತೆಯ ದಿನವೂ ಇಬ್ಬರೂ ಬೇಕು, ಪರದೆ ಹಾಕುವ ದಿನವೂ ಇಬ್ಬರೂ ಬೇಕು. ಹಿಂದಿನ ಸಂಜೆ ಗಿರಾಕಿಗೆ ಫೋನ್ ಮಾಡುವುದು ಯಾವಾಗಲೂ ಅವನೇ. ಹೇಳುವುದು ಯಾವಾಗಲೂ ಒಂದೇ ಮಾತು: "ನಾಳೆ ಇಬ್ಬರು ಬರ್ತೀವಿ, ಕಿಟಕಿ ಹತ್ತಿರ ಇರೋದನ್ನೆಲ್ಲ ಸ್ವಲ್ಪ ಸರಿಸಿಡಿ." ಆರು ವರ್ಷದಿಂದ ಒಂದೇ ವ್ಯಾನಿನಲ್ಲಿ ಹೀಗೆ ಊರೆಲ್ಲ ಸುತ್ತುತ್ತಿದ್ದೇವೆ.

ಇನ್ನು ದ್ವೀಪದ ಮಾತು. ಅದರಲ್ಲಿ ಯಾವ ಒಗಟೂ ಇಲ್ಲ. ನಾನಿರುವುದು ಅಕ್ಕ-ಭಾವನ ಮನೆಯಲ್ಲಿ. ಮಲಗುವುದು ಅಕ್ಕನ ಮಗಳ ಜೊತೆ, ಅದಕ್ಕೂ ಮುಂಚೆ ಅಕ್ಕನ ಜೊತೆ, ಅದಕ್ಕೂ ಮುಂಚೆ ಅಜ್ಜಿಯ ಜೊತೆ. ಹಗಲೆಲ್ಲ ಕಂಡವರ ಬೆಡ್‌ರೂಮುಗಳಲ್ಲಿ ನಿಂತು ಅವರ ಕಿಟಕಿ ಅಳೆಯುತ್ತೇನೆ. ಹುಟ್ಟಿದ ಮೇಲೆ ಒಂದು ದಿನವೂ ಒಂದು ಕೋಣೆಯಲ್ಲಿ ನಾನೊಬ್ಬಳೇ ಬಾಗಿಲು ಹಾಕಿಕೊಂಡು ಮಲಗಿದವಳಲ್ಲ. ಅದೊಂದು ಆಸೆ ಇತ್ತು. ಸಮುದ್ರದ ಸದ್ದು ಕೇಳುತ್ತಾ, ಮಂಚದ ತುಂಬ ಕೈಕಾಲು ಚಾಚಿ, ಯಾರಿಗೂ "ಗುಡ್ ನೈಟ್" ಹೇಳದೆ ನಿದ್ದೆ ಹೋಗಬೇಕು. ಬೆಳಿಗ್ಗೆ ಎದ್ದು ಏನೂ ಮಾಡಬಾರದು.

ಆ ಆಸೆ ನಿಜ. ಆದರೆ ಏಣಿಯ ಮೇಲಿನ ಮನುಷ್ಯ "ಅಯ್ಯೋ, ಒಬ್ಬರೇನಾ? ಯಾಕೆ?" ಎಂದು ಒಂದೇ ಒಂದು ಸಲ ಕೇಳಲಿ ಎಂಬ ಆಸೆಯೂ ಅಷ್ಟೇ ನಿಜವಾಗಿತ್ತು. ಈ ಎರಡು ಆಸೆಗಳು ಒಂದೇ ತಲೆಯಲ್ಲಿ ಹೇಗೆ ಸಂಸಾರ ಮಾಡುತ್ತಿದ್ದವೋ!

ಕೇಳುವುದಿರಲಿ, ಮಾರನೆಯ ದಿನದಿಂದ ನನ್ನ ಪ್ರವಾಸದ ಉಸ್ತುವಾರಿಯನ್ನೇ ಅವನು ವಹಿಸಿಕೊಂಡುಬಿಟ್ಟ.

"ದ್ವೀಪದಲ್ಲಿ ಎರಡು ಬೀಚ್ ಇವೆಯಂತೆ ರೀ," ಅಂದ ಸಿಗ್ನಲ್ಲಿನಲ್ಲಿ ವ್ಯಾನ್ ನಿಲ್ಲಿಸಿ. "ದೀಪಸ್ತಂಭದ ಕಡೆಯದು ಬೇಡ, ಅಲ್ಲಿ ಅಲೆ ಜೋರು. ಈ ಕಡೆಯದರಲ್ಲಿ ನೀರು ಮೊಣಕಾಲಿನವರೆಗೆ ಅಷ್ಟೇ. ಆರಾಮಾಗಿ ಕೂತ್ಕೋಬಹುದು."

"ನಾನೇನು ಮಗುನಾ?"

"ಮೊದಲನೇ ದಿನ ದಡದ ಊರಲ್ಲೇ ಉಳ್ಕೊಳ್ಳಿ. ಬಸ್ಸಿಂದ ಇಳಿದವರೇ ದೋಣಿ ಹತ್ತಿದ್ರೆ ಹೊಟ್ಟೆ ತೊಳಸುತ್ತೆ."

"ನನಗೇನೂ ತೊಳಸಲ್ಲ."

"ಲಿಫ್ಟಲ್ಲಿ ಹೋಗೋಕೇ ಕಣ್ಣು ಮುಚ್ಕೊಳ್ಳೋರು ನೀವು!"

ಅದನ್ನು ಯಾವಾಗ ಗಮನಿಸಿದ್ದನೋ ಪುಣ್ಯಾತ್ಮ. ನಾನು ತಟ್ಟನೆ ಅವನ ಕಡೆ ತಿರುಗಿದೆ. ಅವನು ಅಷ್ಟೇ ಬೇಗ ಕನ್ನಡಿಯ ಕಡೆ ತಿರುಗಿದ. ಕನ್ನಡಿಯಲ್ಲೂ ನಾನೇ ಇದ್ದೆ. ಕಣ್ಣಿಗೆ ಕಣ್ಣು ಸಿಕ್ಕಿತು. ಅವನ ಕಿವಿ ಕೆಂಪಾಯಿತು. ಬಟ್ಟೆ ತೆಗೆದುಕೊಂಡು, ಫಳಫಳ ಹೊಳೆಯುತ್ತಿದ್ದ ಆ ಕನ್ನಡಿಯನ್ನೇ ಒರೆಸತೊಡಗಿದ. ಹಿಂದಿನ ಕಾರಿನವನು ಹಾರ್ನ್ ಬಾರಿಸಿದಾಗಲೇ ಹಸಿರು ದೀಪ ಬಿದ್ದದ್ದು ನಮಗೆ ತಿಳಿದದ್ದು.

ಇವನಿಗೆ ನನ್ನ ಮೇಲೆ ಏನೋ ಇದೆ, ಅಂದುಕೊಂಡೆ. ಮುಂದಿನ ಸಿಗ್ನಲ್ಲಿನಲ್ಲಿ ಅವನೇ ಆ ಎಣಿಕೆಗೆ ತಣ್ಣೀರೆರಚಿದ.

"ಅಲ್ಲಿ ಒಬ್ಬ ಅಜ್ಜಿ ರೂಮು ಕೊಡ್ತಾರಂತೆ. ಕಿಟಕಿ ತೆಗೆದ್ರೆ ಸಮುದ್ರ. ಫೋನ್ ಮಾಡೇ ಬುಕ್ ಮಾಡ್ಬೇಕಂತೆ. ನಾನೇ ಮಾಡ್ಬಿಡ್ಲಾ?"

ನನ್ನನ್ನು ಸಾಗಹಾಕಲು ಎಷ್ಟು ಉತ್ಸಾಹ ನೋಡಿ!

"ಮಾಡಿ," ಅಂದೆ. "ಇವತ್ತೇ ಮಾಡಿ."

ಮನೆಗೆ ಬಂದು ಅಕ್ಕನ ಮುಂದೆ ಎಲ್ಲ ಕಾರಿಕೊಂಡೆ. ಅವಳು ಬಟಾಣಿ ಸುಲಿಯುತ್ತಾ ಕೇಳಿಸಿಕೊಂಡಳು.

"ಅಲ್ವೇ, ಅವನು ಬೇಡ ಅಂದಿದ್ರೆ ಹೋಗ್ತಿರ್ಲಿಲ್ವಾ ನೀನು?"

"ಹೋಗ್ತಿದ್ದೆ! ಬೇಡ ಅನ್ನೋಕೆ ಅವನ್ಯಾರು?"

"ಸರಿ. ನಾನೂ ಬರ್ತೀನಿ ಅಂದಿದ್ರೆ?"

"ಬೇಡ ಅಂತಿದ್ದೆ. ನಾನು ಒಬ್ಬಳೇ ಹೋಗ್ಬೇಕು."

"ಮತ್ತೆ ಆ ಬಡಪಾಯಿ ಏನು ಮಾಡ್ಬೇಕಿತ್ತೇ?"

ಒಳಗಿನಿಂದ ಭಾವ, "ಆ ಹುಡುಗನನ್ನ ದೇವರೇ ಕಾಪಾಡ್ಬೇಕು," ಎಂದು ಕೂಗಿದರು. ನಾನು ಒಂದು ಹಿಡಿ ಬಟಾಣಿ ಬಾಯಿಗೆ ಹಾಕಿಕೊಂಡು ಎದ್ದುಹೋದೆ.

ಹೊರಡಲು ಎರಡು ದಿನ ಉಳಿದಿತ್ತು. ಅಂಗಡಿಯಲ್ಲಿ ಕಟಿಂಗ್ ಟೇಬಲ್ಲಿನ ಮೇಲೆ ಬಟ್ಟೆ ಹರಡಿ ಕತ್ತರಿ ಕೈಗೆತ್ತಿಕೊಂಡಿದ್ದೆ. ಯಜಮಾನರು ಪಕ್ಕಕ್ಕೆ ಬಂದು ನಿಂತರು.

"ಹೊಸ ಬ್ರಾಂಚಿಗೆ ನಮ್ಮ ಡ್ರಿಲ್ಲಪ್ಪನೇ ಹೋಗ್ತಾನಂತೆ ಕಣಮ್ಮ. ಹೋದ ತಿಂಗಳು ಕೇಳಿದ್ರೆ ಸುತರಾಂ ಒಪ್ಪಲಿಲ್ಲ. ಈಗ ತಾನಾಗೇ ಬಂದು ಹೋಗ್ತೀನಿ ಅಂದ. ನೀನು ರಜಾ ಮುಗಿಸಿ ಬರೋಷ್ಟರಲ್ಲಿ ನಿನಗೆ ಬೇರೆ ಫಿಟ್ಟರ್ ನೋಡಿರ್ತೀನಿ."

ಆ ಹೊಸ ಬ್ರಾಂಚ್ ಇರುವ ಊರಿಗೆ ಬೆಳಿಗ್ಗೆ ರೈಲು ಹತ್ತಿದರೆ ಕತ್ತಲಾದ ಮೇಲೆ ಇಳಿಯಬೇಕು. ಕೈಯಲ್ಲಿದ್ದ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟೆ. ಇಲ್ಲದಿದ್ದರೆ ಯಾರದೋ ಮನೆಯ ದುಬಾರಿ ಬಟ್ಟೆ ಅಂದು ಹಾಳಾಗುತ್ತಿತ್ತು.

ನಾನು ದ್ವೀಪದಿಂದ ಬರುವಾಗ ಅವನು ಇರುವುದಿಲ್ಲ. ವ್ಯಾನ್ ಇರುತ್ತದೆ, ಏಣಿ ಇರುತ್ತದೆ, ಏಣಿಯ ಮೇಲೆ ಇನ್ಯಾರೋ ಇರುತ್ತಾರೆ. ಅಂದೇ, ಆ ಟೇಬಲ್ಲಿನ ಪಕ್ಕದಲ್ಲೇ ನಿಂತು, ನನಗೆ ಅವನು ಬೇಕು ಎಂದು ಅರ್ಥವಾಯಿತು. ಅವನಿಗೆ ನಾನು ಬೇಕೋ ಬೇಡವೋ, ಅದು ಮಾತ್ರ ತಲೆಬುಡ ತಿಳಿಯಲಿಲ್ಲ. ಬಾಯಿಬಿಟ್ಟು ಕೇಳಿ ಅವನು ಇಲ್ಲ ಅಂದರೆ, ಆರು ವರ್ಷದ ಸಲಿಗೆಯೂ ಹೋಗುತ್ತದೆ.

ಆಗಲೇ ಫೋನ್ ಬಂತು. ಗುರುತಿಲ್ಲದ ನಂಬರು. ಅತ್ತ ಕಡೆ ದ್ವೀಪದ ಅಜ್ಜಿ.

"ರೂಮು ರೆಡಿ ಮಾಡಿಟ್ಟಿದ್ದೀನಿ ಕಣಮ್ಮ. ಈ ನಂಬರು ಕೊಟ್ಟು ಇಬ್ಬರು ಬರ್ತೀವಿ ಅಂದ್ರಲ್ಲ ನಿಮ್ಮ ಮನೆಯವರು, ದಿಂಬು ಎರಡು ಸಾಕಲ್ವಾ? ಮತ್ತೆ, ಕಿಟಕಿ ಹತ್ತಿರ ಇರೋದನ್ನೆಲ್ಲ ಸರಿಸಿಡಿ ಅಂದ್ರು. ಅಲ್ಲಿರೋದು ಮಂಚ. ಅದನ್ನೆಲ್ಲಿಗೆ ಸರಿಸ್ಲಿ?"

ನನಗೆ ನಗು ಬಂತು, ಅಳು ಬಂತು. ಇಬ್ಬರು ಅಂದನಾ? ಬೇಕೆಂದೇ ಅಂದನಾ? ಬರುವ ಮನಸ್ಸಿದ್ದವನು ದೂರದ ಊರಿಗೆ ಯಾಕೆ ಹೊರಟ? ಹೊರಡುವವನು ಎರಡು ದಿಂಬು ಯಾಕೆ ಹಾಕಿಸಿದ?

ಗೋಡೌನಿಗೆ ಓಡಿದೆ. ಅವನು ಬಟ್ಟೆಯ ರೋಲುಗಳ ಮಧ್ಯೆ ಕೂತು ಡ್ರಿಲ್ಲಿನ ಮೊನೆಗಳನ್ನು ಒರೆಸುತ್ತಿದ್ದ.

"ಅಜ್ಜಿಗೆ ಏನಂತ ಹೇಳಿದ್ರಿ ನೀವು?"

"ಯಾವಾಗ ಬರೋದು, ಎಷ್ಟು ದಿನ ಇರೋದು ಅಂತ..."

"ಎಷ್ಟು ಜನ ಅಂದ್ರಿ?"

ಅವನು ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ತಾನಾಡಿದ್ದೆಲ್ಲ ನೆನಪಾಗಿರಬೇಕು, ನಾಲಿಗೆ ಕಚ್ಚಿಕೊಂಡ.

"ಅಯ್ಯೋ! ಕ್ಷಮಿಸಿ ರೀ. ದಿನಾ ಹೇಳಿ ಹೇಳಿ ಬಾಯಿಗೆ ಅಭ್ಯಾಸ ಆಗ್ಬಿಟ್ಟಿದೆ. ದೇವರಾಣೆಗೂ ಬೇಕಂತ ಹೇಳಿದ್ದಲ್ಲ."

"ಬೇಕಂತ ಹೇಳಿದ್ದಲ್ಲ."

"ಇಲ್ಲ ಇಲ್ಲ, ಖಂಡಿತಾ ಇಲ್ಲ. ಈಗ್ಲೇ ಸರಿ ಮಾಡ್ತೀನಿ." ನನ್ನೆದುರಿಗೇ ಫೋನ್ ಮಾಡಿದ. "ಅಜ್ಜೀ, ತಪ್ಪಾಯ್ತು. ಒಬ್ಬರೇ ಬರೋದು. ಹೂಂ, ಒಬ್ಬರೇ. ಒಂದೇ ದಿಂಬು ಸಾಕು."

ತಪ್ಪು ಸರಿಹೋಯಿತು. ನನ್ನ ಪ್ರವಾಸ ನಾನು ಬಯಸಿದಂತೆಯೇ ಮತ್ತೆ ನನ್ನೊಬ್ಬಳದಾಯಿತು. ಖುಷಿಪಡಬೇಕಿತ್ತು. ಆ ಒಂದು ದಿಂಬಿನ ಮಾತು ಮಾತ್ರ ಎದೆಗೆ ಚುಚ್ಚಿತು. ಹೊಸ ಬ್ರಾಂಚಿನ ವಿಷಯ ತುಟಿಯವರೆಗೆ ಬಂದಿತ್ತು, ನುಂಗಿಕೊಂಡೆ. ಅವನಾಗೇ ಹೇಳಲಿ ಎಂದು ಕಾದೆ. ಅವನು ಡ್ರಿಲ್ಲಿನ ಮೊನೆಗಳನ್ನೇ ಒರೆಸುತ್ತ ಕೂತ.

ಹೊರಡುವ ದಿನ ಮುಂಜಾನೆ ಬಸ್ ನಿಲ್ದಾಣಕ್ಕೆ ಅಕ್ಕ ಬಿಡಲು ಬರುವವಳಿದ್ದಳು. ಕೊನೆಯ ಗಳಿಗೆಯಲ್ಲಿ ಸೊಂಟನೋವು ಅಂದಳು. ಹಿಂದಿನ ದಿನ ಗೋದಿ ಮೂಟೆ ಎತ್ತಿಟ್ಟ ಸೊಂಟ ಅದು. ಬಾಗಿಲು ತೆಗೆದರೆ ಹೊರಗೆ ಅಂಗಡಿಯ ವ್ಯಾನ್, ಒಳಗೆ ಅವನು.

ನಿಲ್ದಾಣದಲ್ಲಿ ನನ್ನ ಬ್ಯಾಗನ್ನು ಸೀಟಿನ ಮೇಲಿಟ್ಟು ಕೆಳಗಿಳಿದು ಬಂದ. ಜೇಬಿನಿಂದ ವಾಂತಿ ಮಾತ್ರೆ ತೆಗೆದು ಕೊಟ್ಟ.

"ದೋಣಿ ಹತ್ತೋ ಮುಂಚೆ ತಗೊಳ್ಳಿ. ಹತ್ತಿದ ಮೇಲೆ ತಗೊಂಡ್ರೆ ಪ್ರಯೋಜನ ಇಲ್ಲ."

ಇನ್ನು ನನ್ನಿಂದ ತಡೆಯಲಾಗಲಿಲ್ಲ.

"ಹೊಸ ಬ್ರಾಂಚಿಗೆ ಯಾಕ್ರೀ ಒಪ್ಕೊಂಡ್ರಿ?"

ಅವನು ಗರ ಬಡಿದವನಂತೆ ನಿಂತ. ಕನ್ನಡಕ ತೆಗೆದ. ಅಂಗಿಯ ತುದಿಯಿಂದ ಒರೆಸಿದ.

"ನೀವೇ ಅಂದ್ರಲ್ಲ, ಒಬ್ಬಳೇ ಇರ್ಬೇಕು ಅಂತ. ದಿನಾ ಬೆಳಗಾದ್ರೆ ನನ್ನ ಮುಖ, ನನ್ನ ಡ್ರಿಲ್ ಸದ್ದು. ಬೇಜಾರಾಗಿದೆ, ಹೇಳೋಕೆ ಸಂಕೋಚ ಅನ್ಕೊಂಡೆ. ನೀವು ಹಾಯಾಗಿರಿ ಅಂತ..."

"ನಾನು ಒಬ್ಬಳೇ ಇರ್ಬೇಕು ಅಂದಿದ್ದು ನಮ್ಮಕ್ಕನ ಮಗಳು ನಿದ್ದೇಲಿ ಒದೀತಾಳೆ ಅಂತ! ನಿಮ್ಮಿಂದ ದೂರ ಹೋಗ್ಬೇಕು ಅಂತ ಅಲ್ಲ!"

"ಹೌದಾ?"

"ಹೌದು!"

ಅವನ ಮುಖ ಅರಳಿತು. "ಹಾಗಾದ್ರೆ ನಾನೂ ಬರ್ಲಾ?"

"ಬೇಡ!"

ಅರಳಿದ ಮುಖ ಮತ್ತೆ ಬಾಡಿತು. ಅವನ ತಪ್ಪೇನಿಲ್ಲ ಬಿಡಿ. ಅವನ ಜಾಗದಲ್ಲಿ ನಾನೇ ನಿಂತಿದ್ದರೂ ನನಗೇ ಏನೂ ಅರ್ಥವಾಗುತ್ತಿರಲಿಲ್ಲ.

"ಒಬ್ಬಳೇ ಹೋಗ್ಬೇಕು ನಾನು," ಅಂದೆ, ಈ ಸಲ ಮೆಲ್ಲಗೆ. "ಹೋಗಿ ಬಂದಾಗ ನೀವು ಇಲ್ಲಿರ್ಬೇಕು. ಎರಡೂ ಬೇಕು ನನಗೆ. ಇದು ಅತಿ ಆಯ್ತು ಅನ್ಸಿದ್ರೆ ಈಗ್ಲೇ ಹೇಳಿ."

ಅವನು ಕನ್ನಡಕ ಕೈಯಲ್ಲೇ ಹಿಡಿದು ನನ್ನತ್ತ ನೋಡಿದ. ಕನ್ನಡಕ ಇಲ್ಲದ ಆ ಕಣ್ಣುಗಳನ್ನು ಇಷ್ಟು ಹತ್ತಿರದಿಂದ ನಾನು ನೋಡಿರಲೇ ಇಲ್ಲ. ರೆಪ್ಪೆಯ ತುದಿಯಲ್ಲಿ ಆ ಹೊತ್ತಿನಲ್ಲೂ ಒಂದಿಷ್ಟು ಬಿಳಿ ಪುಡಿ ಇತ್ತು.

"ನಿಮ್ಮ ಅಳತೆ ತಪ್ಪಿದಾಗೆಲ್ಲ ನಾನು ರಾಡನ್ನ ಎರಡು ಬೆರಳು ಮೇಲಕ್ಕೆ ಕೂರಿಸ್ತಿದ್ದೆ," ಅಂದ. "ಪರದೆ ನೆಲಕ್ಕೆ ತಾಗಬಾರ್ದು ಅಂತ. ನಿಮ್ಮ ಮುಖ ಸಣ್ಣದಾಗೋದು ನೋಡೋಕೆ ನನ್ನ ಕೈಲಿ ಆಗಲ್ಲ. ಶುರುವಿನಿಂದ್ಲೂ ಆಗಿಲ್ಲ."

"ನನ್ನ ಅಳತೆ ಯಾವಾಗ್ರೀ ತಪ್ಪಿತ್ತು?"

"ಆ ಮೂಲೆ ಮನೆ ಡಾಕ್ಟರ್‌ದು. ಮ್ಯೂಸಿಕ್ ಟೀಚರ್‌ದು. ಆಮೇಲೆ ಆ ಅವಳಿ ಮಕ್ಕಳ ಮನೇದು, ಎರಡು ಕಿಟಕೀನೂ..."

"ಸಾಕು! ಪ್ರೀತಿ ಹೇಳೋ ಹೊತ್ತಲ್ಲಿ ತಪ್ಪು ಲೆಕ್ಕ ಹಾಕ್ತೀರಲ್ಲ!"

"ಪ್ರೀತಿ ಅಂತ ನಾನಿನ್ನೂ ಅಂದೇ ಇಲ್ಲ," ಅಂದ. ನಗುತ್ತಿದ್ದ. ಕಣ್ಣಲ್ಲಿ ನೀರಿತ್ತು.

ಕಂಡಕ್ಟರ್ ಸೀಟಿ ಊದಿದ. ಅವನು ಗಡಿಬಿಡಿಯಿಂದ ಫೋನ್ ತೆಗೆದು ಯಜಮಾನರಿಗೆ ಕರೆ ಮಾಡಿದ.

"ಸಾರ್, ಇಷ್ಟು ಬೆಳಿಗ್ಗೆ ಎಬ್ಬಿಸ್ದೆ, ಕ್ಷಮಿಸಿ. ಹೊಸ ಬ್ರಾಂಚಿಗೆ ಬೇರೆ ಯಾರನ್ನಾದ್ರೂ ಕಳ್ಸಿ. ನಾನು ಹೋಗಲ್ಲ. ಕಾರಣ ಏನಂದ್ರೆ ಸಾರ್..." ನನ್ನ ಮುಖ ನೋಡಿದ. ಕಾರಣ ಅದೇ ಎಂಬಂತೆ ನೋಡುತ್ತಲೇ ನಿಂತ.

ನಾನು ಅವನ ಕೈಯಿಂದ ಫೋನ್ ಕಿತ್ತುಕೊಂಡೆ.

"ಸಾರ್, ನಾನು, ಟೇಪಮ್ಮ. ಇವರು ಎಲ್ಲಿಗೂ ಹೋಗಲ್ಲ. ನಾನು ಇವರನ್ನ ಮದುವೆ ಆಗ್ತೀನಿ."

ಅತ್ತ ಕಡೆ ಯಜಮಾನರು, "ಅಂತೂ ಹೇಳಿದ್ಯಲ್ಲಮ್ಮ," ಎಂದು ದೊಡ್ಡದಾಗಿ ಆಕಳಿಸಿದರು. ಇತ್ತ ಕಡೆ ಇವನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಫೋನನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ನಾನೇ ಮಡಿಸಿದೆ. ಗೋಡೆ ಕೊರೆದು ಕೊರೆದು ಒರಟಾದ ಬೆರಳುಗಳು. ಅವು ನನ್ನ ಬೆರಳನ್ನೂ ಸೇರಿಸಿ ಹಿಡಿದುಕೊಂಡವು. ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ನಾನೇನೂ ಅವಸರ ಮಾಡಲಿಲ್ಲ.

ಬಸ್ಸು ಅಲುಗಿತು. ಓಡಿ ಹತ್ತಿದೆ.

ಪಕ್ಕದ ಸೀಟಿಗೆ ಯಾರೂ ಬಂದಿರಲಿಲ್ಲ. ಅವನು ಬಸ್ಸಿನ ಜೊತೆಜೊತೆಗೇ ಒಂದಷ್ಟು ದೂರ ನಡೆದು ಬಂದ, ಆಮೇಲೆ ನಿಂತ, ಆಮೇಲೆ ಕಾಣಲಿಲ್ಲ. ನಾನು ಚಪ್ಪಲಿ ಕಳಚಿ, ಎರಡೂ ಸೀಟಿನ ಮೇಲೆ ಕಾಲು ಚಾಚಿ, ಒಬ್ಬಳೇ ಹಾಯಾಗಿ ಕೂತೆ.