ಅವಳ ಸೀಟು

ನಮ್ಮ ಮನೆಯಲ್ಲಿರುವಂಥ ಪುಟ್ಟ ಕಾರುಗಳ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು. ಆದರೂ ಕಂಡವರೆಲ್ಲ ನಮ್ಮದನ್ನು ಒಮ್ಮೆ ಸವರಿಯೇ ಮುಂದೆ ಹೋಗುತ್ತಾರೆ. ನನ್ನ ಗಂಡನಂತೂ ಅದನ್ನು 'ಅದು' ಅಂದವರೇ ಅಲ್ಲ, 'ಅವಳು' ಅನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಮೆಕ್ಯಾನಿಕ್ ಎಂಜಿನ್ ಬಿಚ್ಚಿಕೊಂಡು ಹೋದ ಮರುದಿನ ಮಧ್ಯಾಹ್ನ, ಮನೆಯಲ್ಲಿ ನಾನೊಬ್ಬಳೇ ಇದ್ದಾಗ, ಹಟಕ್ಕೆ ಬಿದ್ದು ಕಾರು ಹತ್ತಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತೆ. ಸೀಟು ಬೆಚ್ಚಗಿತ್ತು, ಯಾರೋ ಆಗಷ್ಟೇ ಎದ್ದುಹೋದ ಹಾಗೆ. ಮೊಣಕಾಲು ತಾಗುತ್ತದೆಂದು ಅದನ್ನು ಹಿಂದಕ್ಕೆ ಸರಿಸಿದೆ. ಅದು ಮೆಲ್ಲಗೆ ಮತ್ತೆ ಮುಂದಕ್ಕೇ ಬಂತು.

"ಮಾರಿಸ್ತೀನಿ ನಿನ್ನ, ನೋಡ್ತಿರು," ಅಂದೆ.

ಸಂಜೆ ಗಂಡ ಎಂದಿನಂತೆ ಮೊದಲು ಕಾರಿನ ಹತ್ತಿರ ಹೋಗಿ, ಆಮೇಲೆ ಒಳಗೆ ಬಂದರು. ನನ್ನ ಮುಖ ನೋಡದೆ ಕೇಳಿದರು: "ಏನೇ, ಅವಳನ್ನ ಮಾರಿಸ್ತೀನಿ ಅಂದ್ಯಂತೆ?"