ನಾದಿನಿಯ ನಲವತ್ತು ಬಾಟಲಿ

ಅನಾನಸ್ ಹಣ್ಣಿನ ಜುಟ್ಟಿನಿಂದ ಮೊಗ್ಗು ಬಿಡಿಸಿ, ಬಾಟಲಿಯ ತಳದ ಸಕ್ಕರೆ ಬೆರೆತ ಜೆಲ್ಲಿಯ ಮೇಲೆ ಕೂರಿಸಿ, ಒಂದನ್ನು ಹತ್ತು ಸಸಿ ಮಾಡುವ ವಿದ್ಯೆಯಲ್ಲಿ ಅವನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ಹನ್ನೆರಡು ವರ್ಷ ಎಲ್ಲರೂ ಹೊಗಳಿದ್ದರು. ಈಗ ಸ್ವಂತ ನಾದಿನಿಯೇ ಮುಳ್ಳಾದಳು. ಅವಳನ್ನು ಈ ಪ್ರಯೋಗಾಲಯಕ್ಕೆ ಸೇರಿಸಿದವನೂ ಅವನೇ. ಅವಳು ಅದೇ ಮೊಗ್ಗನ್ನು ಉದ್ದಕ್ಕೆ ನಾಲ್ಕಾಗಿ ಸೀಳಿದಳು. ಹತ್ತು ಇದ್ದಲ್ಲಿ ನಲವತ್ತು ಚಿಗುರಿದವು.

"ನಿಮ್ಮ ಪದ್ಧತೀನೂ ಚೆನ್ನಾಗೇ ಇದೆ ಭಾವ," ಎಂದಿದ್ದಳು ಎಲ್ಲರೆದುರು. "ಸ್ವಲ್ಪ ಊರುಗೋಲು ಹಿಡ್ಕೊಂಡು ನಡೆಯುತ್ತೆ, ಅಷ್ಟೇ."

ಎಲ್ಲರೂ ನಕ್ಕರು. ಅವನೂ ನಕ್ಕ, ಹಲ್ಲು ಕಡಿದುಕೊಂಡೇ. ಸೋಮವಾರ ನಿರ್ದೇಶಕಿ ಅವಳ ನಲವತ್ತು ಬಾಟಲಿ ನೋಡಿ ಮೆಚ್ಚಿದರೆ ಅವನ ಪದ್ಧತಿಗೆ ಬೀಗ, ಮೇಲ್ವಿಚಾರಕನ ಕುರ್ಚಿ ನಾದಿನಿಗೆ.

ಉಪಾಯ ಹೊಳೆದಾಗ ಅದರ ಸರಳತೆಗೆ ಅವನೇ ಬೆರಗಾದ. ಬಾಟಲಿ ಒಡೆದರೆ ಕಳ್ಳನನ್ನು ಹುಡುಕುತ್ತಾರೆ. ಬೂಸ್ಟು ಹಿಡಿದರೆ ಗಾಳಿಯನ್ನು ಬೈಯುತ್ತಾರೆ, ಆಮೇಲೆ ಸಸಿ ಇಟ್ಟವಳ ಕೈಯನ್ನು. ಅವನನ್ನಂತೂ ಯಾರೂ ಶಂಕಿಸರು; ಕೈ ತೊಳೆಯುವ ಹುಚ್ಚಿಗಾಗಿಯೇ ಅವನನ್ನು ಸಾಬೂನಪ್ಪ ಎನ್ನುತ್ತಿದ್ದರು. ಹಿಂದೊಮ್ಮೆ ಮೊಗ್ಗು ಕೊಯ್ಯುವಾಗ ಬಲ ಹೆಬ್ಬೆರಳು ಓರೆಯಾಗಿ ಸೀಳಿದಾಗಲೂ ಅವನು ಮೊದಲು ಓಡಿದ್ದು ನಲ್ಲಿಗೆ. "ರಕ್ತ ನಿಲ್ಲಲಿ ಭಾವ, ಸೋಪು ಎಲ್ಲಿಗೂ ಓಡಿಹೋಗಲ್ಲ," ಎಂದು ನಾದಿನಿಯೇ ಪಟ್ಟಿ ಕಟ್ಟಿದ್ದಳು.

ಶುಕ್ರವಾರ ಊಟದ ಹೊತ್ತಿಗೆ ಎಲ್ಲರೂ ಕ್ಯಾಂಟೀನಿಗೆ ಹೋದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನು ಕೈ ತೊಳೆಯದೆ ಸಸಿಗಳ ಕೋಣೆಯ ಒಳಹೊಕ್ಕ. ಎಡಗೈಗೆ ಗ್ಲೌಸು, ಬಲಗೈ ಬರಿದು. ಹೆಬ್ಬೆರಳನ್ನು ಬಾಗಿಲ ಹಿಡಿಗೆ ಸವರಿದ, ಚಪ್ಪಲಿಯ ಅಟ್ಟೆಗೆ ಉಜ್ಜಿದ. ಅಗಲಬಾಯಿಯ ಗಿಡ್ಡ ಬಾಟಲಿ ತೆರೆಯುವುದು, ಸಸಿಯ ಪಕ್ಕದ ಜೆಲ್ಲಿಯನ್ನು ಮಗುವಿನ ಕೆನ್ನೆ ಮುಟ್ಟಿದಷ್ಟು ಹಗುರವಾಗಿ ಒತ್ತುವುದು, ಮುಚ್ಚುವುದು. ಹೀಗೆ ನಲವತ್ತು. ಕೊನೆಗೆ ಬೆರಳ ಗುರುತು ಉಳಿಯದಂತೆ ಪ್ರತಿ ಗಾಜನ್ನೂ ಸ್ಪಿರಿಟ್ಟಿನಿಂದ ಫಳಫಳ ಒರೆಸಿದ. ಅಂಥ ಅಚ್ಚುಕಟ್ಟಿಗೆ ತಾನೇ ಶಹಭಾಸ್ ಎಂದುಕೊಂಡ. ಮೊಳಕೈವರೆಗೆ ತೊಳೆದು, ಕ್ಯಾಂಟೀನಿನಲ್ಲಿ ಎರಡು ಚಹಾ ಕುಡಿದ. ಶನಿವಾರ, ಭಾನುವಾರ ಸೊಗಸಾಗಿ ನಿದ್ದೆ ಬಂತು.

ಸೋಮವಾರ ಬೂಸ್ಟು ಹಿಡಿಯದ ಒಂದು ಬಾಟಲಿಯೂ ಇರಲಿಲ್ಲ. ನಿರ್ದೇಶಕಿಯ ಮುಖ ಸಪ್ಪಗಾಯಿತು. ನಾದಿನಿಯ ಕಣ್ಣು ತುಂಬಿತು.

"ಎಷ್ಟು ಸಲ ಹೇಳಿದೀನಿ ಕಣಮ್ಮ," ಅವನು ನಿಟ್ಟುಸಿರಿಟ್ಟ. "ನಾಲ್ಕಾಗಿ ಸೀಳೋದು ದೊಡ್ಡದಲ್ಲ. ಕೈ ಶುದ್ಧ ಇರಬೇಕು."

ಅವಳು ಒಂದು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮತ್ತೊಂದು ಹಿಡಿದಳು. ಇನ್ನೊಂದು. ಕಣ್ಣೀರು ಅಲ್ಲೇ ನಿಂತಿತು. ಗಾಳಿಯಿಂದ ಬಂದ ಬೂಸ್ಟು ಎಲ್ಲೆಂದರಲ್ಲಿ ಚೆಲ್ಲಿದಂತೆ ಹಬ್ಬುತ್ತದೆ. ಇಲ್ಲಿ ಎಲ್ಲದರಲ್ಲೂ ಒಂದೇ ಮೊಟ್ಟೆಯಾಕಾರದ ಮಚ್ಚೆ, ಅದರೊಳಗೆ ಸುತ್ತು ಸುತ್ತು ಬಿಳಿ ಗೆರೆ, ಗೆರೆಗಳನ್ನು ಓರೆಯಾಗಿ ಕತ್ತರಿಸಿದ ಒಂದು ಬೋಳು ಪಟ್ಟೆ. ಗಾಜಿನ ಹೊರಗೆ ಒರೆಸಿದ್ದ ಬೆರಳ ಗುರುತು ಒಳಗೆ ಮೂರು ದಿನ ಸಕ್ಕರೆ ತಿಂದು ಬೆಳೆದಿತ್ತು. "ಮೇಡಂ, ಇದನ್ನ ನೋಡಿ," ಎಂದಳು ನಾದಿನಿ ಮೆಲ್ಲಗೆ. "ಈ ಗಾಯಕ್ಕೆ ಪಟ್ಟಿ ಕಟ್ಟಿದ್ದು ನಾನೇ." ಸಾಬೂನಪ್ಪ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ.