ಬೆವರದ ಮಡಿಕೆಗಳು

"ಇದ್ಯಾಕ ತಣ್ಣಗ ಆಗವಲ್ದು?"

ಬಸವಂತರಾಯ ಮುತ್ಯಾ ಇದನ್ನು ಯಾರನ್ನೂ ಕೇಳಿರಲಿಲ್ಲ. ಬೇವಿನ ಗಿಡದ ಕೆಳಗೆ, ಉಸುಕಿನ ಮೇಲೆ ಸಾಲಾಗಿ ಕೂತ ಮಡಿಕೆಗಳ ಮುಂದೆ ನಿಂತು, ಕೈಯಲ್ಲಿದ್ದ ಗ್ಲಾಸಿನೊಳಗೆ ಇಣುಕುತ್ತ ಕೇಳಿದ್ದ.

ಆಗಷ್ಟೇ ಆಳಂದದ ಬಸ್ಸು ಬಂದು ನಿಂತಿತ್ತು. ಕಂಡಕ್ಟರ್ ಜಗದೇವ ಎಂದಿನಂತೆ ಜಿಗಿದು ಬಂದು ಒಂದು ಗುಟುಕು ಕುಡಿದ. ಉಳಿದ ನೀರನ್ನು ಗಿಡದ ಬುಡಕ್ಕೆ ಚೆಲ್ಲಿದ.

"ಮುತ್ಯಾ, ಇದರಾಗ ಒಂದೀಟು ಚಾಪುಡಿ ಹಾಕಿಬಿಡ್ರಿ. ಒಲಿ ಹಚ್ಚೋ ಕೆಲಸ ಉಳೀತದ."

ಬಸ್ಸಿನ ಕಿಟಕಿಯಲ್ಲಿ ಕೂತವರು ನಕ್ಕರು. ಮುತ್ಯಾ ನಗಲಿಲ್ಲ. ಬೆಳಗಿನ ಶಾಲೆ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತಿದ್ದ ಮೊಮ್ಮಗಳು ಸೃಷ್ಟಿಗೂ ನಗು ಬರಲಿಲ್ಲ.

ಬೇಸಿಗೆ ಬಂತೆಂದರೆ ಸರಸಂಬಾದ ಬಸ್ ಸ್ಟ್ಯಾಂಡಿನಲ್ಲಿ ನೀರಿನ ಅರವಟಿಗೆ ಇಡುವುದು ಮುತ್ಯಾನ ನೇಮ. ನಸುಕಿನಲ್ಲೇ ಎದ್ದು ಲಿಂಗಪೂಜೆ ಮುಗಿಸುತ್ತಾನೆ. ವಚನ ಹೇಳುತ್ತಲೇ ಮಡಿಕೆ ತುಂಬುತ್ತಾನೆ. ಬಿಸಿಲಲ್ಲಿ ಬಂದವರು ನೀರು ಕುಡಿದು "ಹಾ..." ಎಂದರೆ ಸಾಕು, ಅವನಿಗೆ ಪೂಜೆ ಈಗ ಪೂರ್ತಿಯಾಯಿತು ಅನ್ನಿಸುತ್ತದೆ. ಈ ವರ್ಷ ಆ "ಹಾ" ಕೇಳಿಸುತ್ತಲೇ ಇರಲಿಲ್ಲ. ಜನ ಎದುರಿನ ಅಂಗಡಿಗೆ ಹೋಗಿ ನೀರಿನ ಪಾಕೀಟು ಕೊಳ್ಳುತ್ತಿದ್ದರು.

ಹಳೆಯ ಮಡಿಕೆಗಳನ್ನು ಮಂಗಗಳು ಉರುಳಿಸಿ ಒಡೆದಿದ್ದವು. ಅದಕ್ಕೇ ಈ ಸಲ ಕುಂಬಾರ ಓಣಿಯ ಮಲ್ಕಮ್ಮನಿಂದ ಹೊಸವು ಬಂದಿದ್ದವು. ಸೃಷ್ಟಿಯ ಚಿಕ್ಕಪ್ಪ ಸಂಜುಕುಮಾರ ಕಾಕಾ ಅವುಗಳಿಗೆ ಮೈತುಂಬ ಕಾವಿ ಬಣ್ಣದ ಆಯಿಲ್ ಪೇಂಟ್ ಬಳಿದು, ಹೊಟ್ಟೆಯ ಮೇಲೆ ವಿಭೂತಿಯ ಬಿಳಿ ಪಟ್ಟೆ ಎಳೆದಿದ್ದ. ಕೊರಳಿನ ಸುತ್ತ ಪತ್ರಿ ಎಲೆ ಬರೆದವಳು ಸೃಷ್ಟಿಯೇ. ಥೇಟ್ ಶರಣರು ಸಾಲಾಗಿ ಕೂತಂತೆ ಕಾಣುತ್ತಿದ್ದ ಮಡಿಕೆಗಳನ್ನು ಊರವರು ಮೊಬೈಲಿನಲ್ಲಿ ಫೋಟೋ ಹಿಡಿದಿದ್ದರು.

"ಮಡಿಕಿ ಮಣ್ಣೇ ಖರಾಬ ಅದ," ಎಂದ ಸಂಜು ಕಾಕಾ. ಎಂದವನೇ ಮಲ್ಕಮ್ಮನಿಗೆ ಹೇಳಿ ಕಳಿಸಿದ.

ಮಲ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದಳು. ಅವಳ ಹಿಂದೆ ಮಗಳು ರಾಧಿಕಾ. ರಾಧಿಕಾ ಮತ್ತು ಸೃಷ್ಟಿ ಆರನೆಯ ಕ್ಲಾಸಿನಲ್ಲಿ ಒಂದೇ ಬೆಂಚು.

"ಏನ್ ಮಲ್ಕಮ್ಮಾ, ನೀರು ಒಲಿ ಮ್ಯಾಲ ಇಟ್ಟಂಗ ಆಗಾಕತ್ತಾವ. ಎಂಥ ಮಾಲು ಕೊಟ್ಟಿ?"

ಮಲ್ಕಮ್ಮ ಮಡಿಕೆ ಬಡಿದು ನೋಡಿದಳು. ಟಣ್ ಎಂದಿತು. ತಲೆ ತಗ್ಗಿಸಿದಳು. "ಸುಟ್ಟದ್ದು ಬರೋಬರ್ ಅದರಿ ಅಣ್ಣಾರ. ಆದ್ರ ಈ ಸಲ ನಮ್ಮ ಕೆರಿ ಮಣ್ಣು ಸಿಗಲಿಲ್ಲ, ಬ್ಯಾರೆ ಕೆರಿದು ತಂದೀನಿ. ಅದಕ್ಕೇ ಹಿಂಗಾತೋ ಏನೋ, ಶಿವನೇ ಬಲ್ಲ."

"ಸಂತಿ ದಿನ ಆಳಂದಕ್ಕ ಹೋಗಿ ಬ್ಯಾರೆ ತರ್ತೀನಿ. ಅಷ್ಟರಾಗ ಇವು ವಾಪಸ್ ಒಯ್ಯು," ಎಂದ ಕಾಕಾ.

ಮಲ್ಕಮ್ಮನ ಹತ್ತಿರ ಮಡಿಕೆ ಹೇಳಿಟ್ಟಿದ್ದ ಹೆಂಗಸೊಬ್ಬಳು ಅಲ್ಲೇ ನಿಂತಿದ್ದಳು. "ನನಗ ಈಗ ಬ್ಯಾಡ ಬಿಡಬೇ ಮಲ್ಕಮ್ಮಾ," ಎಂದು ಮೆಲ್ಲಗೆ ಸರಿದು ಹೋದಳು. ಮಡಿಕೆ ಮಾರಾಟವಾಗುವುದೇ ಈ ಬೇಸಿಗೆಯಲ್ಲಿ. ಮಾತು ಊರೆಲ್ಲ ಹಬ್ಬಲು ಒಂದು ದಿನ ಸಾಕು.

ರಾಧಿಕಾ ಸೃಷ್ಟಿಯನ್ನು ನೋಡಿದಳು. ಸೃಷ್ಟಿ ತನ್ನ ಚಪ್ಪಲಿ ನೋಡಿದಳು.

ಮರುದಿನ ಕ್ಲಾಸಿನಲ್ಲಿ ರಾಧಿಕಾ ಬೇರೆ ಬೆಂಚಿಗೆ ಹೋಗಿ ಕೂತಳು. ಕೇಳಿದರೆ, "ಅಲ್ಲಿ ಫ್ಯಾನ್ ಗಾಳಿ ಬರಂಗಿಲ್ಲ," ಅಂದಳು. ಕರೆಂಟ್ ಇರಲಿಲ್ಲ.

ವಿದ್ಯಾವತಿ ಟೀಚರ್ ಪರೀಕ್ಷೆಗೆಂದು ಹಳೆಯ ಪಾಠ ತಿರುವಿ ಹಾಕುತ್ತಿದ್ದರು. "ಬೇಸಿಗೆಯಲ್ಲಿ ಮಡಿಕೆಯ ನೀರು ಏಕೆ ತಂಪಾಗಿರುತ್ತದೆ?"

ಸೃಷ್ಟಿ ಥಟ್ಟನೆ ಎದ್ದು ನಿಂತಳು. ಕೇಳಿದ್ದನ್ನು ಬೈಹಾರ್ಟ್ ಮಾಡುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ವಚನ ಕಂಠಪಾಠದಲ್ಲಿ ಪ್ರೈಜ್ ತಗೊಂಡವಳು. ಕೈ ಕಟ್ಟಿ, ಕಣ್ಣು ಮುಚ್ಚಿ, ಅದೇ ರಾಗದಲ್ಲಿ ಶುರು ಮಾಡಿದಳು:

"ಮಡಿಕೆಯ ಗೋಡೆಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಆ ರಂಧ್ರಗಳ ಮೂಲಕ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಉಷ್ಣವನ್ನು ಒಳಗಿನ ನೀರಿನಿಂದ ಪಡೆಯುತ್ತದೆ. ಆದ್ದರಿಂದ ನೀರು ತಂಪಾಗುತ್ತದೆ."

"ಸಾವಕಾಶ ಹೇಳಲೇ, ಬರಕೋಬೇಕು," ಎಂದು ಹಿಂದಿನಿಂದ ಜಾವೀದ ಪಿಸುಗುಟ್ಟಿದ. ಅವನು ಯಾವಾಗಲೂ ಹಾಗೆ. ಸೃಷ್ಟಿಯ ಉತ್ತರವೇ ಅವನ ಉತ್ತರ.

ಆಗ ಆ ಬೆಂಚಿನಿಂದ ರಾಧಿಕಾ ಎದ್ದಳು. "ಟೀಚರ್, ಹಂಗಾದ್ರ ನಮ್ಮವ್ವನ ಮಡಿಕ್ಯಾಗ ರಂಧ್ರ ಇಲ್ಲೇನ್ರಿ?"

ಒಬ್ಬಿಬ್ಬರು ಕಿಸಕ್ಕನೆ ನಕ್ಕರು. ಟೀಚರ್ ನಗಲಿಲ್ಲ. "ಚಲೋ ಕೇಳಿದಿ. ಸೃಷ್ಟಿ, ಏನಂತೀ ಇದಕ್ಕ?"

ಸೃಷ್ಟಿ ಮನಸ್ಸಿನಲ್ಲೇ ಉತ್ತರದ ಮೊದಲಿಂದ ಕೊನೆಯವರೆಗೆ ಓಡಿದಳು. ರಾಧಿಕಾಳ ಪ್ರಶ್ನೆಗೆ ಅದರಲ್ಲಿ ಎಲ್ಲೂ ಒಂದು ಸಾಲು ಇರಲಿಲ್ಲ. ಮೆಲ್ಲಗೆ ಕೂತಳು.

ಮನೆಗೆ ಬರುವ ದಾರಿಯಲ್ಲಿ ಅದೇ ಸಾಲುಗಳು ತಲೆಯಲ್ಲಿ ಗುಂಯ್‌ಗುಡುತ್ತಿದ್ದವು. ದಿನಾ ಬೆಳಿಗ್ಗೆ ಅವಳು ವಚನ ಒಪ್ಪಿಸುವಾಗ ಮುತ್ಯಾ ಸಾಲುಸಾಲಿಗೂ ಕೈ ಅಡ್ಡ ಹಿಡಿಯುತ್ತಿದ್ದ. "ನಿಲ್ಲು ತಂಗಿ. ಅಂದ್ರೇನು?" ಅವಳಿಗೆ ಅದು ದೊಡ್ಡ ಪೀಕಲಾಟ. "ಲೇಟ್ ಆಗ್ತದ ಮುತ್ಯಾ," ಎಂದು ಓಡಿಬಿಡುತ್ತಿದ್ದಳು.

ಈಗ ತನ್ನ ಕೈಯನ್ನು ತಾನೇ ಅಡ್ಡ ಹಿಡಿದಳು. ಮಡಿಕೆಯ ಗೋಡೆಯಲ್ಲಿ ರಂಧ್ರ. ಅಂದ್ರೇನು? ನೀರು ಅದರೊಳಗಿಂದ ಹೊರಗೆ ಬರಬೇಕು. ಹೊರಮೈಗೆ ಜಿನುಗಿ. ಅಂದ್ರೇನು? ಹೊರಮೈ ಒದ್ದೆ ಆಗಬೇಕು. ಬೆವರಿದ ಹಾಗೆ.

ಅರವಟಿಗೆಯ ಮಡಿಕೆಗಳು ಬೆವರಿದ್ದನ್ನು ಅವಳು ನೋಡಿದ್ದಳೇ? ಇಲ್ಲ. ಅವು ಸದಾ ಹೊಸ ಸೈಕಲ್ಲಿನ ಹಾಗೆ ಮಿರಮಿರ ಮಿಂಚುತ್ತಿದ್ದವು.

ಮಿಂಚುವುದು ಯಾವುದು? ಪೇಂಟ್.

ಸೃಷ್ಟಿ ರಸ್ತೆಯ ನಡುವೆಯೇ ನಿಂತುಬಿಟ್ಟಳು. ಪೇಂಟ್ ಹಚ್ಚಿದ ದಿನ ಮಡಿಕೆಗಳು ಮೊದಲ ಕೋಟು ಬಣ್ಣವನ್ನೆಲ್ಲ ಸರ್ರನೆ ಹೀರಿಕೊಂಡಿದ್ದವು. "ಈ ಮಡಿಕಿಗೆ ಬಾಯಾರಿಕಿ ಭಾಳ," ಎಂದು ಕಾಕಾ ಮತ್ತೊಂದು ಡಬ್ಬಿ ಒಡೆದಿದ್ದ. ರಂಧ್ರಗಳಲ್ಲಿ ನೀರಿಗಿಂತ ಮೊದಲು ಬಣ್ಣ ಹೋಗಿ ಕೂತಿತ್ತು.

ಮನೆಗೆ ಹೋಗಲೇ ಇಲ್ಲ. ಸೀದಾ ಕುಂಬಾರ ಓಣಿಗೆ ಓಡಿದಳು. ಬೆನ್ನ ಮೇಲೆ ಬ್ಯಾಗು ಧಬಧಬ ಬಡಿಯುತ್ತಿತ್ತು.

"ರಾಧಿ! ಮಣ್ಣಿಂದಲ್ಲಬೇ, ಪೇಂಟಿಂದು!"

ರಾಧಿಕಾ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. "ಇದೂ ಬೈಹಾರ್ಟೇನು?"

"ಅಲ್ಲ. ಇದು ಪುಸ್ತಕದಾಗ ಇಲ್ಲ." ಸೃಷ್ಟಿ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ರಾಧಿಕಾಳ ಕೈ ಮೊರದ ಮೇಲೆ ನಿಂತಿತು.

"ನೀ ಹೇಳಿದ್ರ ನಿಮ್ಮ ಕಾಕಾ ಕೇಳ್ತಾನೇನು?"

"ಹೇಳೋದು ಬ್ಯಾಡ. ತೋರಸೋಣು."

ಬಣ್ಣ ಹಚ್ಚದ ಮಡಿಕೆ ಬೇಕು. ಅದೂ ಅದೇ ಕೆರೆಯ ಮಣ್ಣಿನದು, ಅದೇ ಆವಿಗೆಯ ಬೆಂಕಿಯಲ್ಲಿ ಸುಟ್ಟದ್ದು. ರಾಧಿಕಾ ಒಳಗೆ ಹೋಗಿ ಒಂದನ್ನು ಹೊತ್ತು ತಂದಳು. "ಇಲ್ಲೇ ನಿಮ್ಮ ಅಂಗಳದಾಗ ಇಡೋಣು," ಎಂದಳು ಸೃಷ್ಟಿ. ರಾಧಿಕಾ ತಲೆ ಅಲ್ಲಾಡಿಸಿದಳು. "ನಮ್ಮನಿ ನೆರಳಿಗೇ ತಣ್ಣಗಾತು ಅಂತಾನ ನಿಮ್ಮ ಕಾಕಾ. ಅಲ್ಲೇ, ಅವುಗಳ ಬಾಜೂಕೇ ಇಡಬೇಕು. ಅದೇ ಉಸುಕು, ಅದೇ ಗಾಳಿ, ಅದೇ ನಳದ ನೀರು." ಇದು ಸೃಷ್ಟಿಗೆ ಹೊಳೆದೇ ಇರಲಿಲ್ಲ.

ಕಾವಿ ಮಡಿಕೆಗಳ ಸಾಲಿನಲ್ಲಿ ಆ ಬರಿಮೈ ಮಡಿಕೆ ಬಂದು ಕೂತಿತು. ಮುತ್ಯಾ ತಾನೇ ನೀರು ತುಂಬಿ, ಮೇಲೆ ತಟ್ಟೆ ಮುಚ್ಚಿದ.

ಸಂಜೆಗೇ ಬರಿಮೈ ಮಡಿಕೆಯ ಹೊಟ್ಟೆ ಕಪ್ಪಗೆ ಒದ್ದೆಯಾಗಿತ್ತು. ಮರುದಿನ ಮಧ್ಯಾಹ್ನ ಸೃಷ್ಟಿ ಅದರ ಬುಡದ ಉಸುಕನ್ನು ಬೆರಳಿನಿಂದ ಕೆದಕಿದಳು. ತಣ್ಣಗೆ, ಹಸಿಹಸಿ. ಪಕ್ಕದ ಕಾವಿ ಮಡಿಕೆಯ ಕೆಳಗಿನ ಉಸುಕು ಸುಡುತ್ತಿತ್ತು. ಅಷ್ಟರಲ್ಲಿ ಬಸ್ಸು ಬಂತು. ರಾಧಿಕಾ ಗ್ಲಾಸು ತುಂಬಿ ಜಗದೇವನಿಗೆ ಕೊಟ್ಟಳು.

ಜಗದೇವ ಗಟಗಟ ಕುಡಿದ. ಕಣ್ಣು ಮುಚ್ಚಿದ. "ಹಾ..." ಎಂದ. "ಇನ್ನೊಂದು ಗ್ಲಾಸ್ ತಾರವ್ವಾ. ಫ್ರಿಜ್ ತಂದಿಟ್ಟೀರೇನು?"

ಇಬ್ಬರೂ ಕುಣಿದೇ ಬಿಟ್ಟರು. ಸಂಜು ಕಾಕಾ ಮಾತ್ರ ಮಡಿಕೆಯ ಸುತ್ತ ಒಂದು ಸುತ್ತು ಹಾಕಿ, ಮೀಸೆ ನೀವಿದ.

"ಭಾಳ ಶಾಣ್ಯಾರಿದ್ದೀರಿ. ಇದ್ದುದರಾಗ ಚಲೋದು ಒಂದು ಆರಿಸಿ ತಂದೀರಿ. ಉಳಿದವು ಖರಾಬೇ."

ರಾಧಿಕಾಳ ಮುಖ ಬಾಡಿತು. ಸೃಷ್ಟಿಗೆ ಸಿಟ್ಟು ಉಕ್ಕಿ ಬಂತು. ಬೈಯಬೇಕು ಅನ್ನಿಸಿತು. ಆದರೆ ಕಾಕಾ ಹೇಳಿದ್ದನ್ನೂ ಕೈ ಅಡ್ಡ ಹಿಡಿದು ಕೇಳಿಕೊಂಡಳು. ಅಂದ್ರೇನು? ಇದು ಚಲೋ ಮಡಿಕೆ ಎಂದು ಕಾಕಾ ಒಪ್ಪಿದ. ಚಲೋ ಮಡಿಕೆ ಯಾವಾಗಲೂ ಚಲೋ ಇರಬೇಕು. ಬಣ್ಣ ಹಚ್ಚಿದರೂ.

"ಹಂಗಾದ್ರ ಕಾಕಾ, ಇದಕ್ಕೂ ಪೇಂಟ್ ಹಚ್ಚು."

"ಏನು?"

"ಇದು ಚಲೋದು ಅಂದಿ. ಪೇಂಟ್ ಹಚ್ಚಿದ ಮ್ಯಾಲೂ ನೀರು ತಣ್ಣಗ ಆದ್ರ ನೀ ಹೇಳಿದ್ದು ಖರೆ. ಆಗದಿದ್ರ ರಾಧಿಕಾನ ಅವ್ವಂದು ತಪ್ಪಿಲ್ಲ."

ರಾಧಿಕಾ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಹುಚ್ಚೇನಬೇ ನಿನಗ? ಚಲೋ ಅಂತ ಒಪ್ಪಿದ್ದು ಇದೊಂದೇ ಅದ. ಪೇಂಟ್ ಹಚ್ಚಿದ ಮ್ಯಾಲೂ ತಣ್ಣಗಾದ್ರ? ನಮ್ಮವ್ವನ ಮಣ್ಣೇ ಖರಾಬ ಅಂತ ಪಕ್ಕಾ ಆಗ್ತದ."

ಸೃಷ್ಟಿಗೂ ಹೆದರಿಕೆಯಾಯಿತು. ಪುಸ್ತಕದ ಉತ್ತರ ಹೇಳುವಾಗ ಇಂಥ ಹೆದರಿಕೆ ಎಂದೂ ಆಗಿರಲಿಲ್ಲ. "ಗೊತ್ತದ," ಎಂದಳು. "ನೀ ಬ್ಯಾಡ ಅಂದ್ರ ಬ್ಯಾಡ."

ರಾಧಿಕಾ ಒದ್ದೆ ಮಡಿಕೆಯ ಮೇಲೆ ಕೈ ಆಡಿಸಿದಳು. ಆಮೇಲೆ ಅದನ್ನು ಎತ್ತಿ, ನೀರನ್ನೆಲ್ಲ ಬೇವಿನ ಗಿಡಕ್ಕೆ ಸುರಿದು, ಬಿಸಿಲಿಗೆ ಬೋರಲು ಹಾಕಿದಳು. "ಒಣಗಲಿ. ಹಚ್ರಿ ಕಾಕಾರ."

ಬಣ್ಣ ಒಣಗುವ ತನಕ ಇಬ್ಬರಿಗೂ ಅನ್ನ ಸೇರಲಿಲ್ಲ. ಮತ್ತೆ ಮಡಿಕೆ ತುಂಬಿದ್ದು ಸಂತೆಯ ಹಿಂದಿನ ದಿನ ಬೆಳಿಗ್ಗೆ. ಆ ಹೊತ್ತಿಗೆ ಸುದ್ದಿ ಹಬ್ಬಿ, ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಒಂದು ಸಣ್ಣ ಗುಂಪೇ ಕೂಡಿತ್ತು. ಮಲ್ಕಮ್ಮ ದೂರದಲ್ಲಿ ಸೆರಗು ಬಿಗಿ ಹಿಡಿದು ನಿಂತಿದ್ದಳು. ವಿದ್ಯಾವತಿ ಟೀಚರ್ ಬಸ್ಸಿಗೆಂದು ಬಂದವರು, ಬಸ್ಸು ಬಂದರೂ ಹತ್ತದೆ ನಿಂತರು.

ಜಗದೇವ ಇಳಿದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಸಂಜು ಕಾಕಾ ತಾನೇ ಗ್ಲಾಸು ತುಂಬಿ ಕೊಟ್ಟ.

ಒಂದು ಗುಟುಕು. ಜಗದೇವನ ಮುಖ ಹುಳಿ ಹುಣಸೆ ತಿಂದ ಹಾಗಾಯಿತು.

"ಮತ್ತ ಚಾದ ನೀರೇ ಶುರು ಮಾಡಿದಿರಲ್ಲೋ ಮಾರಾಯರಾ. ಆ ಫ್ರಿಜ್ ಯಾರು ಒಯ್ದರು?"

ರಾಧಿಕಾ ಸೃಷ್ಟಿಯ ಕೊರಳಿಗೆ ಜೋತುಬಿದ್ದಳು. ಹುಡುಗರು ಶಿಳ್ಳೆ ಹೊಡೆದರು. ಏನಾಯಿತೆಂದು ತಿಳಿಯದೆ ಜಗದೇವ ಖಾಲಿ ಗ್ಲಾಸು ಹಿಡಿದು ಎಲ್ಲರ ಮುಖ ನೋಡುತ್ತ ನಿಂತ.

ಸಂಜು ಕಾಕಾ ಕತ್ತು ಕೆರೆದುಕೊಂಡ. ಜನರ ನಡುವೆ ದಾರಿ ಮಾಡಿಕೊಂಡು ಮಲ್ಕಮ್ಮನ ಹತ್ತಿರ ಹೋದ. "ಮಲ್ಕಮ್ಮಕ್ಕಾ, ಮಣ್ಣು ಚಲೋ ಅದ. ತಪ್ಪು ನನ್ನ ಬಣ್ಣದ್ದು. ಹೊಸ ಮಡಿಕಿ ಬೇಕಾಗ್ಯಾವ, ಕೊಡ್ತಿಯೇನು?" ಎಲ್ಲರಿಗೂ ಕೇಳುವಂತೆಯೇ ಅಂದ.

"ಕೊಡದೇ ಏನ್ರಿ ಅಣ್ಣಾರ," ಎಂದಳು ಮಲ್ಕಮ್ಮ. ಸೆರಗು ಕಣ್ಣಿಗೆ ಹೋಯಿತು. ಅವಳ ಪಕ್ಕದಲ್ಲಿ ಆವತ್ತು ಬೇಡ ಎಂದಿದ್ದ ಹೆಂಗಸು ನಿಂತಿದ್ದಳು. "ನಂದೂ ಒಂದು ತೆಗದಿಡಬೇ," ಎಂದು ಮೆಲ್ಲಗೆ ಹೇಳಿದಳು.

ಹೊಸ ಮಡಿಕೆಗಳು ಬರಿಮೈಯಲ್ಲೇ ಉಸುಕಿನ ಮೇಲೆ ಕೂತವು. ಕಾವಿ ಮಡಿಕೆಗಳಿಗೆ ಮುತ್ಯಾ ಮನೆಯಲ್ಲಿ ಜೋಳ ತುಂಬಿಸಿದ. ಬೆಳಿಗ್ಗೆ ವಚನ ಒಪ್ಪಿಸುವಾಗ ಒಂದು ಸಾಲಿಗೆ ಸೃಷ್ಟಿ ತಾನೇ ನಿಂತಳು. "ಮುತ್ಯಾ, ಇದು ಅಂದ್ರೇನು?" ಮುತ್ಯಾ ಬಿಂದಿಗೆ ಕೆಳಗಿಟ್ಟ. ಶಾಲೆಗೆ ಅವತ್ತು ಲೇಟಾಯಿತು.

ಆ ಮಧ್ಯಾಹ್ನ ಸೃಷ್ಟಿಯೂ ರಾಧಿಕಾಳೂ ಅರವಟಿಗೆಯ ಕಟ್ಟೆಯ ಮೇಲೆ ಕೂತಿದ್ದಾಗ ಜಾವೀದ ಏದುಸಿರು ಬಿಡುತ್ತ ಬಂದ. ನೀರು ಕುಡಿದು "ಹಾ" ಎಂದ. ಬಾಯಿ ಒರೆಸಿಕೊಂಡು ಪೆನ್ನು ತೆಗೆದ.

"ಸೃಷ್ಟಿ, ನಾಳೆ ಪರೀಕ್ಷಾ ಅದ. ಆ ಮಡಿಕಿ ಉತ್ತರ ಇನ್ನೊಂದು ಸಲ ಹೇಳು. ಈ ಸಲ ಸಾವಕಾಶ."

ಸೃಷ್ಟಿಯ ಅಂಗೈ ಮಡಿಕೆಯ ಹೊಟ್ಟೆಯ ಮೇಲಿತ್ತು. ಒದ್ದೆ ತಂಪು ಬೆರಳುಗಳ ಸಂದಿಯಲ್ಲಿ ಹರಿಯುತ್ತಿತ್ತು. ನಾಲ್ಕೂ ಸಾಲುಗಳು ನಾಲಿಗೆಯ ತುದಿಯಲ್ಲೇ ಇದ್ದವು. ಅವಳು ಕೈ ತೆಗೆದು ಸ್ವಲ್ಪ ಪಕ್ಕಕ್ಕೆ ಸರಿದಳು. ಮಡಿಕೆಗೂ ಅವಳಿಗೂ ನಡುವೆ ಒಬ್ಬರು ಕೂರುವಷ್ಟು ಜಾಗವಾಯಿತು.

"ಹೇಳಂಗಿಲ್ಲ," ಎಂದಳು. "ಇಲ್ಲಿ ಕೂತು ಮಡಿಕಿ ಮುಟ್ಟಿ ನೋಡು."